ಸಂಡೂರು, ತೋರಣಗಲ್ಲು, ಹೊಸಪೇಟೆ: ಗಣಿ ಕೆಲಸದವರು ಮನೆ ಎಲ್ಲಿ ಮಾಡಬೇಕು?

ಸಂಡೂರು ಕಡೆ ಮೈನ್ಸಿನಲ್ಲಿ ಕೆಲಸ ಸಿಕ್ಕಿದೆ, ಮನೆ ಎಲ್ಲಿ ಮಾಡಲಿ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಕೆಲಸ ಕಾಯಮ್ಮಾ, ಕಾಂಟ್ರಾಕ್ಟಾ? ಗಣಿಯ ಲೀಸ್, ಅಂದರೆ ಅದಿರು ತೆಗೆಯಲು ಸರ್ಕಾರ ಕೊಟ್ಟ ಗುತ್ತಿಗೆ, ಯಾವ ವರ್ಷ ಮುಗಿಯುತ್ತೆ? ಎರಡನೇ ಪ್ರಶ್ನೆ ಕೇಳಿದಾಗ ಹೆಚ್ಚಿನವರು ಮುಖ ಮುಖ ನೋಡುತ್ತಾರೆ. ಆದರೆ ಇಲ್ಲಿ ಮನೆಯ ಲೆಕ್ಕ ಶುರುವಾಗುವುದೇ ಅಲ್ಲಿಂದ.

ನಾನು ಅದಿರು ಸಾಗಣೆ ವಿಭಾಗದಲ್ಲಿ ಇರುವವನು. ಮೂರೂ ಊರಿನಲ್ಲಿ ಬಾಡಿಗೆಗೆ ಇದ್ದು ನೋಡಿದ್ದೇನೆ. ಕಂಪನಿ ಕ್ವಾರ್ಟರ್ಸ್ ಸಿಗುವವರು ಇದನ್ನು ಓದಬೇಕಾಗಿಲ್ಲ. ಸಿಕ್ಕರೆ ಸುಮ್ನೆ ಹೋಗಿ ಸೇರಿಕೊಳ್ಳಿ.

ಮೊದಲು ತೋರಣಗಲ್ಲು. ಉಕ್ಕಿನ ಕಾರ್ಖಾನೆ ಪಕ್ಕದಲ್ಲೇ, ಹೆದ್ದಾರಿ ಇದೆ, ರೈಲು ನಿಲ್ಲುತ್ತೆ, ವಿದ್ಯಾನಗರದಲ್ಲಿ ವಿಮಾನ ನಿಲ್ದಾಣವೂ ಇದೆ. ಒಂಟಿಯಾಗಿರುವವರಿಗೆ ಪರವಾಗಿಲ್ಲ. ನಡುರಾತ್ರಿ ಶಿಫ್ಟ್ ಬಿಟ್ಟು ಬಂದರೂ ಎಲ್ಲಾದರೂ ಬಿಸಿ ಚಪಾತಿ ಸಿಗುತ್ತೆ. ಬಿಹಾರ, ಒಡಿಶಾ ಕಡೆಯ ಹುಡುಗರು ಜಾಸ್ತಿ ಇರೋದರಿಂದ ಹಿಂದಿಯಲ್ಲೇ ದಿನ ಕಳೆಯಬಹುದು. ಮನೆಗಳೆಲ್ಲ ಬಾಡಿಗೆಗೆಂದೇ ಕಟ್ಟಿದವು. ಒಂದರ ಮೇಲೊಂದು ರೂಮು, ಗಾಳಿಗೆ ಜಾಗವಿಲ್ಲ. ತಲೆಗೆ ಇಷ್ಟು ಅಂತ ಬಾಡಿಗೆ ಎತ್ತುವ ಮಾಲೀಕನಿಗೆ ಸಂಸಾರಸ್ಥ ಬೇಕಾಗಿಲ್ಲ. ಕಟ್ಟಿ ಬಾಡಿಗೆಗೆ ಕೊಡುವವನಿಗೆ ಇದು ಒಳ್ಳೆ ಊರು. ಕಟ್ಟಿ ವಾಸ ಮಾಡುವವನಿಗಲ್ಲ.

ಸಂಡೂರು ಬೇರೆಯದೇ ಲೋಕ. ಘೋರ್ಪಡೆ ಮನೆತನದ ಸಣ್ಣ ಸಂಸ್ಥಾನವಾಗಿದ್ದ ಊರು, ಸುತ್ತ ಬೆಟ್ಟ. ಮಳೆ ಬಿದ್ದ ಮೇಲೆ ಕುಮಾರಸ್ವಾಮಿ ಗುಡಿಯ ಕಡೆ ಹೋಗಿ ನೋಡಿ, ಇದು ಬಳ್ಳಾರಿ ಜಿಲ್ಲೆಯೇ ಅಂತ ಅನುಮಾನ ಬರುತ್ತೆ. ಬಳ್ಳಾರಿ ಬೇಸಿಗೆಗೆ ಹೋಲಿಸಿದರೆ ಇಲ್ಲಿಯ ಸಂಜೆ ಹಿತ. ಸಂಜೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನುತ್ತಾ ನಿಂತರೆ ಅರ್ಧ ಊರಿನ ಪರಿಚಯ ಆಗುತ್ತೆ. ಬಾಡಿಗೆಯೂ ಕೈಗೆಟುಕುತ್ತೆ. ಗಣಿಗೆ ಹತ್ತಿರ, ಹಾಗಾಗಿ ನಿದ್ದೆ ಉಳಿಯುತ್ತೆ. ಇದನ್ನು ಯಾರೂ ದುಡ್ಡಿನಲ್ಲಿ ಲೆಕ್ಕ ಹಾಕುವುದಿಲ್ಲ, ಹಾಕಬೇಕು.

ತೊಂದರೆ ಧೂಳಿನದು. ಅದಿರಿನ ಲಾರಿ ಓಡಾಡುವ ರಸ್ತೆ ಪಕ್ಕ ಮನೆ ಹಿಡಿದರೆ ಬಿಳಿ ಅಂಗಿಯ ಆಸೆ ಬಿಡಿ. ಕಿಟಕಿ ಸಂದಿ, ಟ್ಯಾಂಕಿನ ಮುಚ್ಚಳ, ಮೆಂತ್ಯ ಸೊಪ್ಪು ಎಲ್ಲ ಕೆಂಪು. ತೋರಣಗಲ್ಲಿಗೆ ಅದಿರು ಒಯ್ಯಲು ಕನ್ವೇಯರ್ ಬಂದ ಮೇಲೆ ಒಂದಷ್ಟು ಲೋಡು ರಸ್ತೆ ಬಿಟ್ಟಿತು, ಆದರೆ ಲಾರಿ ನಿಂತಿಲ್ಲ. ಮನೆ ನೋಡಲು ಹೋದರೆ ಮಳೆಗಾಲದಲ್ಲಿ ಹೋಗಬೇಡಿ, ಮಾರ್ಚ್‌ನಲ್ಲಿ ಹೋಗಿ ಕಿಟಕಿ ಮೇಲೆ ಬೆರಳಾಡಿಸಿ. ಇನ್ನೊಂದು ಆಸ್ಪತ್ರೆ. ಜ್ವರ, ನೆಗಡಿಗೆ ಊರಲ್ಲೇ ಆಗುತ್ತೆ. ದೊಡ್ಡದೇನಾದರೂ ಬಂದರೆ ತೋರಣಗಲ್ಲು, ಹೊಸಪೇಟೆ, ಇಲ್ಲಾ ಬಳ್ಳಾರಿ.

ಇನ್ನು ಸಂಡೂರಿನಲ್ಲಿ ಮನೆ ಕೊಳ್ಳುವ ಮಾತು. ಇಲ್ಲಿ 2011 ನೆನಪಿಡಿ. ಆ ವರ್ಷ ಜುಲೈ ಕೊನೆಗೆ ಅಕ್ರಮ ಗಣಿಗಾರಿಕೆಯ ಕಾರಣಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಳನ್ನು ನಿಲ್ಲಿಸಿತು. ಲಾರಿಗಳು ಸಾಲಾಗಿ ನಿಂತವು, ಕಂತು ಕಟ್ಟಲಾಗದೆ ಎಷ್ಟೋ ಜನ ಲಾರಿ ಬಿಟ್ಟುಕೊಟ್ಟರು. 2013ರ ಏಪ್ರಿಲ್‌ನಲ್ಲಿ ಅಕ್ರಮ ಇಲ್ಲದ ಇಲ್ಲಾ ಕಡಿಮೆ ಇದ್ದ ಎ ಮತ್ತು ಬಿ ವರ್ಗದ ಗಣಿಗಳಿಗೆ ಷರತ್ತಿನ ಮೇಲೆ ಅನುಮತಿ ಸಿಕ್ಕಿತು, ಅಕ್ರಮ ಹೆಚ್ಚಿದ್ದ ಸಿ ವರ್ಗದವು ರದ್ದಾದವು. ಅದು ಅಕ್ರಮದ ಕಥೆ, ಮುಗಿಯಿತು ಅಂತೀರಾ? ಸರ್ಕಾರಿ ಕಂಪನಿ ಎನ್‌ಎಂಡಿಸಿಯ ದೋಣಿಮಲೈ ಗಣಿಯೇ ಲೀಸ್ ನವೀಕರಣದ ಜಗಳದಲ್ಲಿ 2018ರ ನವೆಂಬರ್‌ನಿಂದ 2021ರ ಫೆಬ್ರವರಿವರೆಗೆ ನಿಂತಿತ್ತು. ಅದಿರು ಬೆಟ್ಟದಲ್ಲೇ ಇರುತ್ತೆ, ಎಲ್ಲೂ ಹೋಗಲ್ಲ. ಹೋಗುವುದು ನಿಮ್ಮ ಸಂಬಳ. ಸಾಲದ ಕಂತು ಮಾತ್ರ ಇಪ್ಪತ್ತು ವರ್ಷ ಕೂತಿರುತ್ತೆ.

ಕಾಗದಪತ್ರದ್ದೂ ರಗಳೆಯೇ. ಪುರಸಭೆ ವ್ಯಾಪ್ತಿಯ ಹಳೆ ಮನೆಯಾದರೆ ಇ-ಖಾತೆ, ಋಣಭಾರ ಪತ್ರ ನೋಡಿ ಮುಂದುವರಿಯಬಹುದು. ಪಂಚಾಯಿತಿ ಸೈಟು ಅಂದರೆ ಹುಷಾರು. ನಾನು ಕೇಳಿದ ಬ್ಯಾಂಕುಗಳಲ್ಲಿ ಮೊದಲು ಅಧಿಕೃತ ಸೈಟಿಗೆ ಪಂಚಾಯಿತಿ ಕೊಡುವ ಫಾರಂ 9, 11ಎ ಕೇಳಿದರು, ಸರಿಯಾದ ಅನುಮೋದನೆ ಇಲ್ಲದ ಸೈಟಿನ 11ಬಿ ಅಂದ ಕೂಡಲೇ ಫೈಲು ಪಕ್ಕಕ್ಕಿಟ್ಟರು. ಜಮೀನು ಮೂಲದಲ್ಲಿ ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ್ದಾ ಅಂತ ಹಿಂದಿನ ದಾಖಲೆಗಳಲ್ಲಿ ನೋಡಲೇಬೇಕು. 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ ಆ ಕ್ರಯವೇ ನಿಲ್ಲುವುದಿಲ್ಲ. ಬೆಟ್ಟದ ಬುಡದ ಸೈಟಾದರೆ ಅರಣ್ಯದ ಗಡಿಯನ್ನೂ ಸರ್ವೆ ನಕ್ಷೆಯಲ್ಲಿ ನೋಡಿಸಿ. ನನಗೆ ಒಬ್ಬ ಬ್ರೋಕರ್ ತೋರಿಸಿದ ಅಗ್ಗದ ಸೈಟು ಇಲ್ಲೇ ಬಿದ್ದುಹೋಯಿತು. ಕೇಳಿದರೆ, "ಎಲ್ಲರೂ ತಗೊಂಡಿದಾರೆ ಸಾರ್" ಅಂದ.

ಹೊಸಪೇಟೆಯಲ್ಲಿ ಸೈಟಿಗೆ ಕೊಡುವ ದುಡ್ಡಿಗೆ ಸಂಡೂರಿನಲ್ಲಿ ಸೈಟಿನ ಜೊತೆ ಅಡಿಪಾಯವೂ ಆಗುತ್ತೆ. 2021ರಲ್ಲಿ ವಿಜಯನಗರ ಜಿಲ್ಲೆ ಆಗಿ ಇದೇ ಜಿಲ್ಲಾ ಕೇಂದ್ರವಾದ ಮೇಲೆ ಮಾರುವವರ ಮಾತೇ ಬದಲಾಯಿತು. ಬಿಸಿಲು ಕೇಳಲೇಬೇಡಿ. ಸಂಡೂರಿಗೆ ಸುಮಾರು 30 ಕಿಲೋಮೀಟರ್. ನಕ್ಷೆಯಲ್ಲಿ ಹತ್ತಿರ, ಲಾರಿ ಸಾಲಿನ ಹಿಂದೆ ಬೈಕಿನಲ್ಲಿ ದೂರ. ಬೆಳಗಿನ ಶಿಫ್ಟ್ ಇದ್ದರೆ ಕತ್ತಲಲ್ಲೇ ಎದ್ದು ಹೊರಡಬೇಕು. ನನಗಂತೂ ಒಂದು ಮಳೆಗಾಲಕ್ಕೇ ಸಾಕಾಯಿತು.

ಆದರೆ ಈ ಊರಿಗೆ ಗಣಿ ಒಂದೇ ಗತಿಯಲ್ಲ. ತುಂಗಭದ್ರಾ ಕಾಲುವೆಯ ಭತ್ತ, ಕಬ್ಬು, ಬಾಳೆ ಇದೆ. ಹಂಪಿಗೆ ಬರುವವರು ಇಳಿಯುವುದು ಇಲ್ಲೇ. ಈಗ ಜಿಲ್ಲಾ ಕಚೇರಿಗಳೂ ಬಂದವು. ಗಣಿ ನಿಂತಾಗ ಇಲ್ಲಿಗೂ ಪೆಟ್ಟು ಬೀಳುತ್ತೆ, ಆದರೂ ಬಾಡಿಗೆಗೆ ಬರಲು ಮೇಷ್ಟ್ರು, ನೌಕರರು, ಅಂಗಡಿಯವರು ಇದ್ದೇ ಇರುತ್ತಾರೆ.

ಅದಕ್ಕೇ ನಮ್ಮ ಮನೆಯಲ್ಲಿ ಮಾಡಿದ್ದು ಹೀಗೆ: ಸಂಡೂರಿನಲ್ಲಿ, ಲಾರಿ ರಸ್ತೆಯಿಂದ ಒಳಗೆ, ಬಾಡಿಗೆ ಮನೆ. ಹೊಸಪೇಟೆಯಲ್ಲಿ ನಗರಸಭೆ ಖಾತೆ ಇರುವ ಸಣ್ಣ ಹಳೆ ಮನೆ ಕೊಂಡು ಬಾಡಿಗೆಗೆ ಕೊಟ್ಟಿದ್ದೇವೆ. ಅಲ್ಲಿ ಬರುವ ಬಾಡಿಗೆ ಇಲ್ಲಿ ಕೊಡುವ ಬಾಡಿಗೆ ಕಳೆದು ಕಂತಿಗೂ ಸ್ವಲ್ಪ ಆಗುತ್ತೆ. ಅತ್ತೆಗೆ ಮಾತ್ರ ಇದು ಇನ್ನೂ ಒಪ್ಪಿಗೆಯಿಲ್ಲ, ಸ್ವಂತ ಮನೆ ಇಟ್ಟುಕೊಂಡು ಬಾಡಿಗೆ ಮನೆಯಲ್ಲಿ ಇರೋದಾ ಅಂತ.

ಮಕ್ಕಳು ಹೈಸ್ಕೂಲು ದಾಟಿದವರಿಗೆ ನನ್ನ ಲೆಕ್ಕ ಹೊಂದುವುದಿಲ್ಲ. ಕಾಲೇಜಿಗೆ, ಟ್ಯೂಷನ್ನಿಗೆ ಹೊಸಪೇಟೆಯೇ ಅನುಕೂಲ. ಮನೆಯವರು ಅಲ್ಲಿರಲಿ. ನೀವು ರಾತ್ರಿ ಪಾಳಿಯ ವಾರ ಸಂಡೂರಿನಲ್ಲಿ ಗೆಳೆಯರ ಜೊತೆ ಒಂದು ರೂಮು ಹಂಚಿಕೊಳ್ಳಿ.