ಸಂಪಾಜೆಯೋ, ಕರಿಕೆಯೋ? ಸುಳ್ಯದಿಂದ ಕೊಡಗು ಹತ್ತುವ ಸೈಕಲ್ ದಾರಿಗಳು

ಕರಾವಳಿಯಿಂದ ಮೈಸೂರಿನತ್ತ ಸೈಕಲ್ ಪ್ರವಾಸ ಹೊರಟವರಿಗೆ ಸುಳ್ಯದಲ್ಲಿ ದಾರಿ ಕವಲೊಡೆಯುತ್ತದೆ. ಹೆದ್ದಾರಿ ಹಿಡಿದರೆ ಸಂಪಾಜೆ ಘಾಟಿ. ಆಲೆಟ್ಟಿ ಕಡೆ ಹೊರಳಿದರೆ ಪಾಣತ್ತೂರು, ಕರಿಕೆ, ಭಾಗಮಂಡಲ. ಎರಡನ್ನೂ ಸಾಮಾನು ಹೇರಿಕೊಂಡೇ ತುಳಿದಿದ್ದೇನೆ. ಯಾರೇ ಕೇಳಿದರೂ ನಾನು ಹೇಳುವುದು ಕರಿಕೆ, ಮಳೆಗಾಲವೊಂದು ಬಿಟ್ಟು.

ಸಂಪಾಜೆಯ ಏರು ಕಾಲಿಗೆ ಅಷ್ಟೇನೂ ಹಿಂಸೆ ಕೊಡುವುದಿಲ್ಲ. ಬುಡದಿಂದ ಮಡಿಕೇರಿಗೆ ಹೆಚ್ಚುಕಡಿಮೆ 1,000 ಮೀಟರ್ ಹತ್ತಬೇಕು, ಆದರೆ ಅದು ಸುಮಾರು 25 ಕಿ.ಮೀ. ಉದ್ದಕ್ಕೆ ಹಂಚಿಹೋಗಿದೆ. ಸಣ್ಣ ಗೇರಿಗೆ ಹಾಕಿ ಒಂದೇ ಲಯದಲ್ಲಿ ತುಳಿಯುತ್ತಿದ್ದರೆ ಕೊಯನಾಡು, ಜೋಡುಪಾಲ, ಮದೆನಾಡು ಒಂದೊಂದಾಗಿ ದಾಟಿಹೋಗುತ್ತವೆ. ಚಹಾಕ್ಕೂ ತಿಂಡಿಗೂ ಪರದಾಟವಿಲ್ಲ. ಕಷ್ಟ ಕೊಡುವುದು ವಾಹನಗಳು. ಇದು ರಾಷ್ಟ್ರೀಯ ಹೆದ್ದಾರಿ 275. ತಿರುವಿನಲ್ಲಿ ಲಾರಿಯೂ ಬಸ್ಸೂ ಎದುರುಬದುರಾದಾಗ ನಮಗೆ ಉಳಿಯುವುದು ಡಾಂಬರಿನ ಅಂಚಿಗೂ ಚರಂಡಿಗೂ ನಡುವಿನ ಗೇಣಗಲ ಜಾಗ. ಪಕ್ಕದಲ್ಲೇ ಕಣಿವೆ ಬಿಚ್ಚಿಕೊಂಡಿರುತ್ತದೆ, ಕಣ್ಣು ಮಾತ್ರ ಮುಂದಿನ ಚಕ್ರದ ಮೇಲೆ.

ಕರಿಕೆಯ ದಾರಿಯ ಮಾತೇ ಬೇರೆ. ಮೊದಲು ಅಡಿಕೆ, ರಬ್ಬರ್ ತೋಟಗಳ ನಡುವೆ ಏರಿಳಿತ. ಕಾಸರಗೋಡು ಜಿಲ್ಲೆಯ ಪಾಣತ್ತೂರು ಮುಟ್ಟಿ ಮತ್ತೆ ಕರ್ನಾಟಕಕ್ಕೆ ಕಾಲಿಡುತ್ತೀರಿ. ಕರಿಕೆ ದಾಟಿದ ಮೇಲೆ ಶುರು ನಿಜವಾದ ಹತ್ತುವಿಕೆ: ಭಾಗಮಂಡಲಕ್ಕೆ ಸುಮಾರು 30 ಕಿ.ಮೀ., ಅಗಲ ಕಿರಿದಾದ ರಸ್ತೆ, ಎರಡೂ ಕಡೆ ದಟ್ಟ ಕಾಡು. ಏರು ಒಂದೇ ಸಮನಾಗಿಲ್ಲ. ಸ್ವಲ್ಪ ಸುಧಾರಿಸಿಕೊಂಡೆವು ಅನ್ನುವಷ್ಟರಲ್ಲಿ ತಿರುವಿನಾಚೆ ಮುಂದಿನ ಚಕ್ರವೇ ಮೇಲೇಳುವಂಥ ಚಡಾವು. ಅಲ್ಲಿ ಇಳಿದು ತಳ್ಳಿದರೆ ಏನೂ ತಪ್ಪಿಲ್ಲ.

ಹಾಗೆ ನಿಂತಾಗಲೇ ಈ ಕಾಡು ಕೈಗೆ ಸಿಗುವುದು. ಬಂಡೆಯ ಸಂದಿಯಿಂದ ಇಳಿಯುವ ನೀರಿಗೆ ಮುಖವೊಡ್ಡಿ ತಲೆ ಎತ್ತಿದರೆ, ತಿದಿ ಒತ್ತಿದಂಥ ಸದ್ದು ಮಾಡುತ್ತ ದೊಡ್ಡ ಮಂಗಟ್ಟೆ ಹಕ್ಕಿ ಮರಗಳ ಮೇಲೆ ಹಾದುಹೋಗುತ್ತದೆ. ಸಂಪಾಜೆಯಲ್ಲಿ ಈ ಹಕ್ಕಿ ಹಾರಿದ್ದರೂ ಲಾರಿಯ ಸದ್ದಿನಲ್ಲಿ ನನಗೆ ಕೇಳುತ್ತಿರಲಿಲ್ಲ. ನನ್ನ ತೂಕ ಕರಿಕೆಯ ಕಡೆಗೇ ವಾಲಲು ಇಷ್ಟು ಸಾಕು.

ಇಲ್ಲಿ ಜಾಗ್ರತೆಯೂ ಹೆಚ್ಚು ಬೇಕು. ಆನೆ ಓಡಾಡುವ ದಾರಿ, ಕತ್ತಲಿಗೆ ಮೊದಲೇ ಭಾಗಮಂಡಲ ಸೇರಬೇಕು. ಊಟ, ನೀರು, ಪಂಕ್ಚರ್ ಸಾಮಾನು ಎಲ್ಲವನ್ನೂ ಪಾಣತ್ತೂರಿನಲ್ಲೇ ನೋಡಿಕೊಳ್ಳಿ. ಮಳೆಗಾಲದಲ್ಲಂತೂ ಎರಡು ದಾರಿಯೂ ಬೇಡ: 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡಿನ ಕಡೆ ಗುಡ್ಡ ಜರಿದು ಹೆದ್ದಾರಿಯೇ ಕಡಿದುಹೋಗಿತ್ತು, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬೆಟ್ಟ ಕುಸಿಯಿತು.

ಭಾಗಮಂಡಲದಿಂದ ಮಡಿಕೇರಿ ಇನ್ನೂ 39 ಕಿ.ಮೀ. ಅದನ್ನು ಅದೇ ದಿನಕ್ಕೆ ತುರುಕಬೇಡಿ. ರಾತ್ರಿ ಅಲ್ಲೇ ತಂಗಿ, ಬೆಳಿಗ್ಗೆ ಚೀಲಗಳನ್ನು ಬಿಟ್ಟು 8 ಕಿ.ಮೀ. ದೂರದ ತಲಕಾವೇರಿ ಹತ್ತಿ ಬನ್ನಿ. ಬರಿ ಸೈಕಲ್ ಎಷ್ಟು ಹಗುರ ಅನ್ನುವುದು ಆಗ ಗೊತ್ತಾಗುತ್ತದೆ.

ಮೈಸೂರು ಕಡೆಯಿಂದ ಇಳಿಯುವವರಿಗೆ ಮಾತ್ರ ನನ್ನ ಸಲಹೆ ಸಂಪಾಜೆ, ಅದೂ ನಸುಕಿನಲ್ಲಿ, ಲಾರಿಗಳು ಹೆಚ್ಚುವ ಮೊದಲು. ಕರಿಕೆಯ ಇಳಿಜಾರಿನಲ್ಲಿ ಹೇರು ಹೊತ್ತ ಸೈಕಲ್ಲಿನ ಬ್ರೇಕ್ ಹಿಡಿದೇ ಕೈ ಸೋತುಹೋಗುತ್ತದೆ, ಕಾಡು ನೋಡಲು ಪುರುಸೊತ್ತೇ ಸಿಗುವುದಿಲ್ಲ.