ಒಂದೇ ಎಫ್-16, ಎರಡು ಬೆಲೆ: ಡಿಸಿಎಸ್ ಎದುರು ಬಿಎಂಎಸ್, ಜೊತೆಗೆ ಐಎಲ್-2

ಕಂಪ್ಯೂಟರ್‌ನಲ್ಲಿ ಯುದ್ಧವಿಮಾನ ಹಾರಿಸುವ ಸಿಮ್ಯುಲೇಟರ್ ಆಟ ಡಿಸಿಎಸ್ ವರ್ಲ್ಡ್‌ನಲ್ಲಿ ಎಫ್-16ಸಿ ವೈಪರ್‌ ವಿಮಾನದ ಪೂರ್ಣ ಬೆಲೆ ಸುಮಾರು 80 ಡಾಲರ್. ಅದೇ ವಿಮಾನದ ಇನ್ನೊಂದು ಸಿಮ್ಯುಲೇಟರ್ ಫಾಲ್ಕನ್ ಬಿಎಂಎಸ್ ಉಚಿತ. 1998ರ ಮೂಲ ಆಟ ಫಾಲ್ಕನ್ 4.0 ನಿಮ್ಮ ಬಳಿ ಇರಬೇಕು ಅಷ್ಟೇ, ಅದು ಹತ್ತು ಡಾಲರ್ ಒಳಗೇ ಸಿಗುತ್ತದೆ. ಮಿಕ್ಕ 70 ಡಾಲರ್‌ಗೆ ಏನು ಸಿಗುತ್ತದೆ?

ಕಾಕ್‌ಪಿಟ್ ಶಿಸ್ತಿನಲ್ಲಿ ಹೆಚ್ಚೇನೂ ಇಲ್ಲ. ಮೇನ್ ಪವರ್, ಜೆಎಫ್‌ಎಸ್ (ಎಂಜಿನ್ ತಿರುಗಿಸುವ ಪುಟ್ಟ ಸ್ಟಾರ್ಟರ್) ಸ್ಟಾರ್ಟ್ 2, ಆರ್‌ಪಿಎಂ ಶೇ. 20 ದಾಟಿದ ಮೇಲೆ ಥ್ರಾಟಲ್ ಐಡಲ್‌ಗೆ: ಎರಡರಲ್ಲೂ ಇದೇ ಕ್ರಮ. ಅವಸರಪಟ್ಟು ಮೊದಲೇ ಇಂಧನ ಬಿಟ್ಟರೆ ಎಂಜಿನ್ ಮಿತಿಮೀರಿ ಬಿಸಿಯಾಗುತ್ತದೆ. ವಿಮಾನ ಎಲ್ಲಿದೆ ಎಂದು ಲೆಕ್ಕಹಾಕುವ ಐಎನ್‌ಎಸ್‌ನ ಪೂರ್ಣ ಹೊಂದಾಣಿಕೆಗೆ ಸುಮಾರು 8 ನಿಮಿಷ ಹಿಡಿಯುತ್ತದೆ. ಅದು ಮುಗಿಯುವ ಮೊದಲೇ ವಿಮಾನ ಕದಲಿಸಿದರೆ ವೇಪಾಯಿಂಟ್‌ಗಳು (ದಾರಿಯ ಗುರುತುಗಳು) ಜಾರುತ್ತವೆ, ಬಾಂಬ್ ಪಕ್ಕಕ್ಕೆ ಬೀಳುತ್ತದೆ. ಸಿ&ಐ ನಾಬನ್ನು ಬ್ಯಾಕಪ್‌ನಿಂದ ಯುಎಫ್‌ಸಿಗೆ (ರೇಡಿಯೊ ನಿಯಂತ್ರಿಸುವ ಮುಂಭಾಗದ ಕೀಪ್ಯಾಡ್) ತಿರುಗಿಸುವುದು ಮರೆತು, ರೇಡಿಯೊ ಕೆಟ್ಟಿದೆ ಎಂದು ದೂರುವವರು ಎರಡೂ ಕಡೆ ಇದ್ದಾರೆ.

ಡಿಸಿಎಸ್ ಗೆಲ್ಲುವುದು ಕಣ್ಣಿಗೆ: ಬೆಳಕು, ಗಾಜಿನ ಮೇಲಿನ ಗೀರು, ಟಾರ್ಗೆಟಿಂಗ್ ಪಾಡ್‌ನ (ಗುರಿ ತೋರಿಸುವ ಕ್ಯಾಮೆರಾ) ಚಿತ್ರ. ಅದೇ ಆಕಾಶದಲ್ಲಿ ಹಾರ್ನೆಟ್ಟೂ ಅಪಾಚೆಯೂ ಅಷ್ಟೇ ವಿವರವಾಗಿ ಹಾರುತ್ತವೆ, ಪ್ರತಿಯೊಂದಕ್ಕೂ ಬೇರೆ ಬೆಲೆ ತೆತ್ತರೆ. ಆದರೆ ಸುತ್ತಲಿನ ಯುದ್ಧ ಯಾರೋ ಬರೆದಿಟ್ಟ ಮಿಷನ್ನಿನಷ್ಟೇ. ಬಿಎಂಎಸ್‌ನ ಕೊರಿಯಾ ಅಭಿಯಾನ ನೀವಿಲ್ಲದೆಯೂ ನಡೆಯುತ್ತಿರುತ್ತದೆ. ನಿನ್ನೆ ಕೆಡವಿದ ಸೇತುವೆ ಇಂದಿನ ಹಾರಾಟದಲ್ಲೂ ಮುರಿದೇ ಇರುತ್ತದೆ. ಎಫ್-16 ಒಂದೇ ಸಾಕು ಎನ್ನುವವರು 80 ಡಾಲರ್ ಕೊಡಲು ನನಗೆ ಕಾರಣ ಕಾಣದು. ವಿಆರ್ ಹೆಲ್ಮೆಟ್ ಇರುವವರ ಮಾತು ಬೇರೆ, ಅವರಿಗೆ ಡಿಸಿಎಸ್.

ಎರಡನೇ ಮಹಾಯುದ್ಧದ ವಿಮಾನಗಳಿಗೆ ಬಂದರೆ ಲೆಕ್ಕ ತಲೆಕೆಳಗು. ಡಿಸಿಎಸ್‌ನಲ್ಲಿ ಸ್ಪಿಟ್‌ಫೈರ್ 9 ಒಂದಕ್ಕೇ 50 ಡಾಲರ್. ನಾರ್ಮಂಡಿ ನಕ್ಷೆ, ಆ ಕಾಲದ ಟ್ಯಾಂಕು-ಫಿರಂಗಿಗಳ ಪ್ಯಾಕು ಬೇರೆ. ಐಎಲ್-2 ಎಂಬ ಇನ್ನೊಂದು ಸಿಮ್ಯುಲೇಟರ್‌ನ ಬೋಡೆನ್‌ಪ್ಲಾಟೆ ಭಾಗದಲ್ಲಿ ಸುಮಾರು ಅಷ್ಟೇ ದುಡ್ಡಿಗೆ ಸ್ಪಿಟ್‌ಫೈರ್, ಟೆಂಪೆಸ್ಟ್, ಪಿ-51, ಎಂಇ 262 ಸೇರಿ ಎಂಟು ವಿಮಾನ. ಬದಲಿಗೆ ಕಾಕ್‌ಪಿಟ್ ಬರೀ ನೋಟಕ್ಕೆ: ಇ ಕೀ ಒತ್ತಿದರೆ ಎಂಜಿನ್ ತಾನೇ ಶುರುವಾಗುತ್ತದೆ. ಡಿಸಿಎಸ್‌ನಲ್ಲಿ ಪ್ರೈಮರ್ ಪಂಪ್ ಹೊಡೆದು, ಸ್ಟಾರ್ಟರ್ ಮತ್ತು ಬೂಸ್ಟರ್ ಕಾಯಿಲ್ ಗುಂಡಿಗಳನ್ನು ಒಟ್ಟಿಗೆ ಹಿಡಿದು, ಎಂಜಿನ್ ಹತ್ತಿಕೊಂಡೊಡನೆ ಇಂಧನ ಲಿವರ್ ರನ್‌ಗೆ ತಳ್ಳಬೇಕು, ಇಲ್ಲವಾದರೆ ಆರಿಹೋಗುತ್ತದೆ. ರನ್‌ವೇ ಪಕ್ಕದಲ್ಲಿ ಕಾಯುತ್ತ ನಿಂತರೆ ರೇಡಿಯೇಟರ್ ಕುದಿಯುತ್ತದೆ. ಡಾಗ್‌ಫೈಟ್ ಬೇಕಾದವರಿಗೆ ಐಎಲ್-2 ಅಗ್ಗ, ಅಭ್ಯಾಸ ಮಾಡುವಷ್ಟು ಚೆನ್ನಾಗಿಯೂ ಇದೆ.

ಡಿಸಿಎಸ್ ಕೊಳ್ಳುವುದೇ ಆದರೆ ಸ್ಟೀಮ್ ಅಂಗಡಿ ಬಿಟ್ಟು ಅದನ್ನು ತಯಾರಿಸುವ ಈಗಲ್ ಡೈನಾಮಿಕ್ಸ್‌ನ ಸ್ವಂತ ಆವೃತ್ತಿ ಹಾಕಿಕೊಳ್ಳಿ. ಅದರಲ್ಲಿ ಮಾತ್ರ ಬಹುತೇಕ ಮಾಡ್ಯೂಲ್‌ಗಳನ್ನು (ಬೇರೆ ಬೇರೆಯಾಗಿ ಮಾರುವ ವಿಮಾನಗಳು) 14 ದಿನ ಪುಕ್ಕಟೆ ಹಾರಿಸಿ ನೋಡಬಹುದು. ಜಾಯ್‌ಸ್ಟಿಕ್ ಹೊಂದಿಸಿಕೊಳ್ಳಲು ಉಚಿತ ಸು-25ಟಿ ಸಾಕು. ಆಮೇಲೂ ರಿಯಾಯಿತಿ ಬರುವವರೆಗೆ ಕಾಯಿರಿ. ಮಾಡ್ಯೂಲನ್ನು ಯಾರು ತಯಾರಿಸಿದ್ದಾರೆ ಎಂಬುದನ್ನೂ ನೋಡಿಕೊಳ್ಳಿ: 2024ರಲ್ಲಿ ಎಫ್-15ಇ ತಯಾರಿಸುತ್ತಿದ್ದ ರಾಜ್‌ಬ್ಯಾಮ್ ಮತ್ತು ಈಗಲ್ ಡೈನಾಮಿಕ್ಸ್ ನಡುವೆ ಹಣದ ತಕರಾರು ಎದ್ದಾಗ ಆ ವಿಮಾನದ ಕೆಲಸ ಅರ್ಧಕ್ಕೇ ನಿಂತಿತು.