ಹಾಸನದಲ್ಲಿ ಗಿಟಾರ್ ಬ್ರೆಡ್‌ಬೋರ್ಡ್ ಬಾಕ್ಸ್ ಮಾಡಿಸುವವರೇ, ದುಡ್ಡು ಕೊಡುವ ಮೊದಲು ಇದನ್ನು ಓದಿ

ಹಾಸನ, ಸಕಲೇಶಪುರ, ಅರಸೀಕೆರೆ ಕಡೆ ಗಿಟಾರ್ ನುಡಿಸುವವರು, ಪೆಡಲ್ (ಕಾಲಲ್ಲಿ ಒತ್ತಿ ಗಿಟಾರ್ ಸೌಂಡ್ ಬದಲಿಸುವ ಡಬ್ಬಿ) ಸರ್ಕ್ಯೂಟ್ ಹುಚ್ಚು ಇರುವವರು ದಯವಿಟ್ಟು ಪೂರ್ತಿ ಓದಿ. ಬ್ರೆಡ್‌ಬೋರ್ಡ್ ಅಂದರೆ ಸೋಲ್ಡರ್ ಇಲ್ಲದೆ ಬಿಡಿ ಭಾಗಗಳನ್ನು ತೂತಿಗೆ ಚುಚ್ಚಿ ಸರ್ಕ್ಯೂಟ್ ಜೋಡಿಸಿ ನೋಡುವ ಹಲಗೆ. ‘ಬ್ರೆಡ್‌ಬೋರ್ಡ್ ಬಾಕ್ಸ್ ರೆಡಿ ಮಾಡಿ ಕೊಡ್ತೀನಿ, ಗಿಟಾರ್ ಚುಚ್ಚಿದ್ರೆ ಆಯ್ತು’ ಅಂತ ಯಾರಾದರೂ ಹೇಳಿದರೆ, ಬಾಕಿ ದುಡ್ಡು ಕೊಡುವ ಮೊದಲು ಅದರ ತಳ ಬಿಚ್ಚಿಸಿ ನೋಡಿ. ನನ್ನ ₹7,500 ಹೋಗಿದೆ. ಹೊಟ್ಟೆ ಉರಿ ಇನ್ನೂ ಆರಿಲ್ಲ.

ನಾನು ಕೇಳಿದ್ದು ದೊಡ್ಡದೇನಲ್ಲ. ಒಂದು ಅಲ್ಯೂಮಿನಿಯಂ ಬಾಕ್ಸ್, ಅದರ ಮೇಲೆ 830 ತೂತಿನ ಬ್ರೆಡ್‌ಬೋರ್ಡ್, ಗಿಟಾರ್‌ಗೆ ಒಂದು, ಆಂಪ್‌ಗೆ (ಆಂಪ್ಲಿಫೈಯರ್) ಒಂದು ಅಂತ ಕಾಲಿಂಚಿನ ಜ್ಯಾಕ್, ಒಂಬತ್ತು ಕಾಲಿನ ಫುಟ್‌ಸ್ವಿಚ್, ನಾಲ್ಕು ಪಾಟ್ (ತಿರುಗಿಸುವ ಕಂಟ್ರೋಲ್), 9 ವೋಲ್ಟ್ ಸಪ್ಲೈ. ಸರ್ಕ್ಯೂಟ್ ಜೋಡಿಸಿದಾಗಲೆಲ್ಲ ಜ್ಯಾಕ್‌ಗೂ ಪಾಟ್‌ಗೂ ವೈರ್ ಎಳೆದು ಎಳೆದು ಸಾಕಾಗಿತ್ತು. ಒಂದು ವೈರ್ ಅಲ್ಲಾಡಿದರೆ ಸೌಂಡೇ ಇಲ್ಲ, ಅಲ್ವಾ. ಸೋಲ್ಡರ್ ನನಗೂ ಬರುತ್ತೆ. ಆದರೆ ಬಾಕ್ಸ್‌ಗೆ ನೀಟಾಗಿ ತೂತು ಕೊರೆಯುವ ಸಾಮಾನು ಮನೆಯಲ್ಲಿಲ್ಲ. ಬಿಡಿ ಭಾಗಗಳಿಗೆ ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋಗಬೇಕು. ಅಷ್ಟರಲ್ಲಿ ಈ ಆಸಾಮಿ ಸಿಕ್ಕಿದ. ಗಣಪತಿ ಪೆಂಡಾಲ್‌ಗಳಿಗೆ ಮೈಕ್ ಸೆಟ್ ಹಾಕುವವನು, ಆಂಪ್ ರಿಪೇರಿನೂ ಮಾಡ್ತಾನೆ. ‘ಅಣ್ಣ, ನಂಗೆ ಬಿಡಿ’ ಅಂದ. ಫಝ್ (ಗಿಟಾರ್ ಸೌಂಡನ್ನು ಒಡೆದು ಒರಟು ಮಾಡುವ) ಸರ್ಕ್ಯೂಟ್‌ಗೆ ಅಂತ ಎಸಿ128 ಅನ್ನೋ ಹಳೇ ಕಾಲದ ಜರ್ಮೇನಿಯಂ ಟ್ರಾನ್ಸಿಸ್ಟರ್ ಒಂದು ಜೊತೆನೂ ತರಿಸ್ತೀನಿ ಅಂದ. ಅದಕ್ಕೆ ಬೇರೆ ₹900. ಅರ್ಧ ಅಡ್ವಾನ್ಸ್ ಕೊಟ್ಟೆ.

ಇನ್ನು ಡೆಮೊ ಕಥೆ. ಇದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ. ಬ್ರೆಡ್‌ಬೋರ್ಡ್ ಮೇಲೆ ಅವನೇ ಫಝ್ ಜೋಡಿಸಿಟ್ಟಿದ್ದ. 1966ರಲ್ಲಿ ಬಂದ ಫಝ್ ಫೇಸ್ ಪೆಡಲ್ ಥರದ್ದೇ, ಎರಡು ಟ್ರಾನ್ಸಿಸ್ಟರ್, ಸುತ್ತ ನಾಲ್ಕಾರು ರೆಸಿಸ್ಟರ್, ಕೆಪಾಸಿಟರ್. ನನ್ನ ಗಿಟಾರ್ ಚುಚ್ಚಿದ, ಅವನದೇ ಆಂಪ್‌ಗೆ ಕೇಬಲ್ ಕೊಟ್ಟ. ಒಂದು ಕಾರ್ಡ್ ಬಾರಿಸಿದೆ. ಅಂಗಡಿ ಗುಡುಗಿತು. ನನಗೆ ಖುಷಿಯೋ ಖುಷಿ. ಫುಟ್‌ಸ್ವಿಚ್ ಒತ್ತಿ ನೋಡ್ತೀನಿ ಅಂತ ಕೈ ಹಾಕಿದೆ. ‘ಸ್ವಿಚ್ ಹೊಸದು ಅಣ್ಣ, ಗಟ್ಟಿ ಇರುತ್ತೆ, ಮನೆಗೆ ಹೋಗಿ ನಿಧಾನಕ್ಕೆ ನೋಡಿ’ ಅಂತ ಬಾಕ್ಸ್ ಎತ್ತಿ ಕವರ್‌ಗೆ ಹಾಕಿಬಿಟ್ಟ. ಬಾಕಿ ದುಡ್ಡು ಅಲ್ಲೇ ಫೋನ್‌ನಲ್ಲಿ ಕಳಿಸಿದೆ.

ಮನೆಯಲ್ಲಿ ಬಾರಿಸಿದರೆ ಬರೀ ಗಿಟಾರ್ ಸೌಂಡ್. ಫಝ್ ಇಲ್ಲ, ಏನೂ ಇಲ್ಲ. ಸ್ವಿಚ್ ಒತ್ತಿದರೆ ಪೂರ್ತಿ ಸೈಲೆಂಟ್. ಡೆಮೊ ಆಗುವಾಗ ನನ್ನ ತಮ್ಮ ಅಲ್ಲೇ ಅಂಗಡಿಯಲ್ಲಿ ವಿಡಿಯೋ ಮಾಡಿದ್ದ. ಅದನ್ನು ಜೂಮ್ ಮಾಡಿ ನೋಡಿದೆವು. ಆ ಆಸಾಮಿಯ ಆಂಪ್‌ನಲ್ಲಿ ಡ್ರೈವ್ ಬಟನ್ (ಆಂಪೇ ಸೌಂಡ್ ಒಡೆಯೋ ಹಾಗೆ ಮಾಡುವ ಬಟನ್) ಪಕ್ಕ ಕೆಂಪು ಲೈಟ್ ಉರೀತಿದೆ! ಗುಡುಗಿದ್ದು ಆಂಪ್. ನನ್ನ ಬಾಕ್ಸ್ ಬೈಪಾಸ್‌ನಲ್ಲಿತ್ತು, ಸಿಗ್ನಲ್ ಫಝ್ ಮುಟ್ಟದೆ ಸೀದಾ ಹಾದು ಹೋಗ್ತಿತ್ತು. ಸ್ವಿಚ್ ಮುಟ್ಟಲು ಯಾಕೆ ಬಿಡಲಿಲ್ಲ ಅಂತ ಆಗ ಗೊತ್ತಾಯಿತು. ತಮ್ಮ ಏನೂ ಮಾತಾಡಲಿಲ್ಲ. ಅವನ ಮುಂದೆ ನನಗೆ ತಲೆ ಎತ್ತಲು ಆಗಲಿಲ್ಲ.

ಸರ್ಕ್ಯೂಟ್ ಯಾಕೆ ಸತ್ತಿತ್ತು ಅಂದರೆ, ಈ ಉದ್ದನೆಯ ಬ್ರೆಡ್‌ಬೋರ್ಡ್ ಎಷ್ಟೋ ಮಾಡೆಲ್‌ಗಳಲ್ಲಿ ಅಂಚಿನ ಪವರ್ ಸಾಲು ಮಧ್ಯಕ್ಕೆ ತುಂಡಾಗಿರುತ್ತೆ. ಕೆಂಪು ಗೆರೆ ನಡುವೆ ಬಿಟ್ಟಿರೋದು ಕಣ್ಣಿಗೇ ಕಾಣುತ್ತೆ. ಒಂದು ತುಂಡು ವೈರ್ ಹಾಕಿ ಸೇರಿಸಬೇಕು, ಅಷ್ಟೇ. ಇವನು ಸೇರಿಸಿಲ್ಲ, ಫಝ್ ಇದ್ದ ಅರ್ಧಕ್ಕೆ ಕರೆಂಟೇ ಇಲ್ಲ. ನಾನೇ ಸೇರಿಸಿದೆ. ಸೌಂಡ್ ಬಂತು, ಜೊತೆಗೆ ಗುಂಯ್ ಅಂತ ಹಮ್ಮಿಂಗ್. ಬಾಕ್ಸ್‌ನ ಒಳಗೂ ಪೇಂಟ್ ಬಳಿದಿದ್ದಾನೆ. ಜ್ಯಾಕ್ ಆ ಪೇಂಟ್ ಮೇಲೆ ಕೂತಿದೆ, ಲೋಹಕ್ಕೆ ತಾಗಿಲ್ಲ, ಬಾಕ್ಸ್‌ಗೆ ಗ್ರೌಂಡೇ ಸಿಕ್ಕಿಲ್ಲ. ಹಮ್ಮಿಂಗ್ ಅದಕ್ಕೇ.

ಸೌಂಡ್ ಬಂದರೂ ಜರ್ಮೇನಿಯಂನ ಆ ಮೆತ್ತನೆ ಇರಲಿಲ್ಲ. ಅನುಮಾನ ಬಂದು ಟ್ರಾನ್ಸಿಸ್ಟರ್ ಕಿತ್ತು ಮಲ್ಟಿಮೀಟರನ್ನು ಡಯೋಡ್ ಮೋಡ್‌ಗೆ ಹಾಕಿ ಬೇಸ್, ಎಮಿಟರ್ ಮುಟ್ಟಿಸಿದೆ. ಜರ್ಮೇನಿಯಂ ಆದರೆ 0.2, 0.3 ಹತ್ತಿರ ತೋರಿಸಬೇಕು. ಮೀಟರ್ ತೋರಿಸಿದ್ದು 0.64. ಇನ್ನೊಂದೂ ಅಷ್ಟೇ. ಶುದ್ಧ ಸಿಲಿಕಾನ್, ಅಂದರೆ ಮಾಮೂಲಿ ಟ್ರಾನ್ಸಿಸ್ಟರ್! ಹತ್ತಿಯಲ್ಲಿ ಒಂದು ಹನಿ ಥಿನ್ನರ್ ತಗೊಂಡು ಒರೆಸಿದರೆ ಎಸಿ128 ಅನ್ನೋ ಅಕ್ಷರ ಹತ್ತಿಗೇ ಬಂತು. ಇದಕ್ಕೆ ₹900 ತಗೊಂಡಿದ್ದಾನೆ. ಒಂಬೈನೂರು!

ಇಷ್ಟಕ್ಕೇ ಮುಗಿಯಲಿಲ್ಲ. ಪೆಡಲ್‌ಗೆ ಸಪ್ಲೈ ಅಂದರೆ ಸಾಮಾನ್ಯವಾಗಿ ನಡುವಿನ ಪಿನ್ ನೆಗೆಟಿವ್, ಇದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಇವನು ಹಳೇ ವೈಫೈ ರೂಟರ್ ಅಡಾಪ್ಟರ್ ಕೊಟ್ಟು, ಅದಕ್ಕೆ ಹೊಂದೋ ಹಾಗೆ ನಡುವಿನ ಪಿನ್ ಪಾಸಿಟಿವ್ ಮಾಡಿಟ್ಟಿದ್ದಾನೆ. ಒಂದು ಮಾತು ಹೇಳಿಲ್ಲ. ನಾನು ನನ್ನ ಪೆಡಲ್ ಸಪ್ಲೈ ಚುಚ್ಚಿದೆ. ಬೋರ್ಡ್‌ನಲ್ಲಿದ್ದ ಟಿಎಲ್072 ಅನ್ನೋ ಚಿಪ್ ಬೆರಳಿಟ್ಟರೆ ಸುಡುವಷ್ಟು ಕಾದು ಸತ್ತೇ ಹೋಯಿತು. ಉಲ್ಟಾ ಕರೆಂಟ್ ತಡೆಯುವ ಡಯೋಡ್ ಅಂತ ಅವನು ಕಳಿಸಿದ ಲೆಕ್ಕದಲ್ಲಿದೆ, ಬಾಕ್ಸ್ ಒಳಗೆ ಇಲ್ಲ. ಒಂದೆರಡು ರೂಪಾಯಿಯ ಡಯೋಡ್ ಅದು.

ಈಗ ಅವನ ಉತ್ತರ ಕೇಳಿ. ಮೊದಲು, ‘ನಿಮ್ಮ ಗಿಟಾರ್ ಪಿಕಪ್ ವೀಕ್ ಇರ್ಬೇಕು ಅಣ್ಣ.’ ವಿಡಿಯೋ ಕಳಿಸಿದೆ. ‘ಆ ಲೈಟ್ ಯಾವಾಗ್ಲೂ ಉರಿಯುತ್ತೆ.’ ಮೀಟರ್ ಫೋಟೋ ಕಳಿಸಿದೆ. ‘ಜರ್ಮೇನಿಯಂ ಈಗ ಹಿಂಗೇ ಬರ್ತಿರೋದು, ಹಳೇ ಮಾಲು ಎಲ್ ಸಿಗುತ್ತೆ?’ ಸತ್ತ ಚಿಪ್ ಬಗ್ಗೆ ಕೇಳಿದ್ದಕ್ಕೆ, ‘ನಾನ್ ಕೊಟ್ಟ ಅಡಾಪ್ಟರ್ ಬಿಟ್ಟು ಬೇರೆ ಯಾಕ್ ಹಾಕಿದ್ರಿ?’ ದುಡ್ಡು ವಾಪಸ್ ಕೊಡು ಅಂದೆ. ‘ನೀವೇ ತಳ ಬಿಚ್ಚಿದ್ದೀರ, ವಾರಂಟಿ ಹೋಯ್ತು.’ ಯಾವ ವಾರಂಟಿ? ಬಿಲ್ಲೇ ಕೊಟ್ಟಿಲ್ಲ! ಅದಾದ ಮೇಲೆ ನನ್ನ ಮೆಸೇಜ್ ನೋಡ್ತಾನೆ, ಉತ್ತರ ಇಲ್ಲ.

ಯಾರ ಹತ್ತಿರ ಮಾಡಿಸಿದರೂ ನಿಮ್ಮ ಆಂಪ್ ಹೊತ್ತುಕೊಂಡು ಹೋಗಿ. ಕ್ಲೀನ್ ಚಾನೆಲ್‌ನಲ್ಲೇ ಕೇಳಿ, ಸ್ವಿಚ್ ನೀವೇ ಒತ್ತಿ. ಮಲ್ಟಿಮೀಟರ್ ಜೇಬಲ್ಲಿರಲಿ. ‘ಮನೆಗೆ ಹೋಗಿ ನೋಡಿ’ ಅಂದರೆ ದುಡ್ಡೂ ಮನೆಗೆ ಹೋಗಿ ಕಳಿಸ್ತೀನಿ ಅನ್ನಿ.

ದುಡ್ಡು ಕಳಿಸಿದ ದಾಖಲೆ, ವಿಡಿಯೋ, ಮೆಸೇಜ್ ಎಲ್ಲ ಇಟ್ಟುಕೊಂಡಿದ್ದೇನೆ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ, ಬಿಡುವ ಮಾತೇ ಇಲ್ಲ. ಹಾಸನದಲ್ಲಿ ಇದೇ ಥರ ಒಳಗೆಲ್ಲ ಪೇಂಟ್ ಬಳಿದ ಬಾಕ್ಸ್ ತಗೊಂಡು ಮೋಸ ಹೋದವರು ಇದ್ದರೆ ನನಗೆ ತಿಳಿಸಿ, ಒಟ್ಟಿಗೇ ಹೋಗಿ ಕೇಳೋಣ.